ಎಲ್ಲಿ ಮಲಗ್ತೀಯ?

ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತೇನೆ, ಅದೂ ಒಬ್ಬನೇ, ಅಂದಾಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೇಳಿದರು. ಬಿ.ಪಿ. ಮಾತ್ರೆ ಯಾರು ನೆನಪಿಸುತ್ತಾರೆ ಅಂತ ಹೆಂಡತಿ. ಫೋನಿನಲ್ಲಿ ಲೊಕೇಶನ್ ಆನ್ ಮಾಡಿಟ್ಟಿರಪ್ಪ ಅಂತ ಮಗಳು. ಎಂಬತ್ತು ದಾಟಿದ ಅವ್ವ ಎಲೆಗೆ ಸುಣ್ಣ ಸವರುತ್ತಾ ಒಂದೇ ಮಾತು ಕೇಳಿದಳು: “ಎಲ್ಲಿ ಮಲಗ್ತೀಯ?”

“ದಾರೀಲಿ ಲಾಡ್ಜ್ ಇರ್ತವೆ ಕಣವ್ವ” ಅಂದೆ. ಅವಳು ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು, ಮತ್ತೆ ಮಾತಾಡಲಿಲ್ಲ.

ಆಗ ನನ್ನ ತಲೆಯಲ್ಲಿದ್ದದ್ದು ಬರೀ ಕಿಲೋಮೀಟರು. ಮಂಡ್ಯದಿಂದ ಮದ್ದೂರಿಗೆ 20. ಅಲ್ಲಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಮೂವತ್ತಕ್ಕೆ ಒಂದೆರಡು ಕಡಿಮೆ. ಮಳವಳ್ಳಿಯಿಂದ ಕಾವೇರಿ ದಾಟಿ ಕೊಳ್ಳೇಗಾಲಕ್ಕೆ ಮತ್ತೆ ಮೂವತ್ತರ ಆಸುಪಾಸು. ಆಮೇಲೆ ಹನೂರು, ಕೌದಳ್ಳಿ, ತಾಳಬೆಟ್ಟ, ಬೆಟ್ಟ. ಎಲ್ಲ ಕೂಡಿದರೆ 160 ಕಿ.ಮೀ. ಹತ್ತಿರ. ದಿನಕ್ಕೆ 27 ನಡೆದರೆ ಆರು ದಿನ. ನಿವೃತ್ತಿಯಾಗಿ ಎರಡು ತಿಂಗಳಾಗಿದ್ದವನಿಗೆ ಭಾಗಾಕಾರ ಬಹಳ ಸುಲಭವಾಗಿ ಕಂಡಿತು. ಬಿಸಿಲು ಕಡಿಮೆ, ಜಾತ್ರೆಯ ಗಲಾಟೆಯೂ ಇರುವುದಿಲ್ಲ ಎಂದು ಸಂಕ್ರಾಂತಿ ಕಳೆದ ವಾರ ಹೊರಟೆ.

ಮೂರನೇ ದಿನ ಬೆಳಗ್ಗೆ ಮಳವಳ್ಳಿಯಲ್ಲಿ ಬಸ್ಸು ಹತ್ತಿ ಮನೆಗೆ ಬಂದೆ.

ತಪ್ಪು ಒಂದೆರಡಲ್ಲ. ಪ್ರಯಾಣಕ್ಕೆಂದೇ ಕೊಂಡ ಹೊಸ ಬೂಟು ಮೊದಲನೆಯದು. ಗೆಜ್ಜಲಗೆರೆ ಬರುವಷ್ಟರಲ್ಲಿ ಹಿಮ್ಮಡಿ ಉಜ್ಜತೊಡಗಿತು, ಮದ್ದೂರಿನ ಹೊತ್ತಿಗೆ ಎರಡೂ ಕಾಲಿಗೆ ಬೊಬ್ಬೆ. ಚೀಲ ಎರಡನೆಯದು. ನಾಲ್ಕು ಜೊತೆ ಬಟ್ಟೆ, ಕಂಬಳಿ, ಎರಡು ಪುಸ್ತಕ, ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ. ಊರಿಗೆ ಮರಳಿದ ಮೇಲೆ ದಿನಸಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ: 11 ಕೆ.ಜಿ. ಅಂಗಡಿಯಾತ “ಅರ್ಧ ಮೂಟೆ ರಾಗಿ ಹೊತ್ಕೊಂಡ್ ಓಗಿದ್ರಾ ಸಾರ್?” ಎಂದು ನಕ್ಕ. ಮೂರನೆಯದು ದಾರಿ. ಮಂಡ್ಯದಿಂದ ಮದ್ದೂರಿನವರೆಗೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ನಡೆದದ್ದು ಯಾತ್ರೆಯೇ ಅಲ್ಲ. ಹಾರನ್ನು, ಹೊಗೆ, ಕಾದ ಡಾಂಬರು. ಹರಕೆ ಮಂಡ್ಯದ ಮನೆಯಿಂದಲೇ ಶುರುವಾಗಬೇಕೆಂದು ಮಾದಪ್ಪ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಆದರೆ ಬಸ್ಸು ಹತ್ತಿಸಿದ್ದು ಇವು ಯಾವುವೂ ಅಲ್ಲ. ಎರಡನೇ ದಿನ ಕುಂಟುತ್ತಾ ಮಳವಳ್ಳಿ ಮುಟ್ಟಿದಾಗ ರಾತ್ರಿ ಎಂಟೂವರೆ. ಕೊನೆಯ ಎರಡು ಗಂಟೆ ಕತ್ತಲಲ್ಲಿ ನಡೆದಿದ್ದೆ. ಅದು ಕಬ್ಬು ಅರೆಯುವ ಕಾಲ. ಹಿಂದೆ ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರುಗಳು, ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ಹೊರೆ. ಒಂದು ಹೊರೆಯ ಸೋಗೆ ನನ್ನ ಭುಜ ಸವರಿಕೊಂಡು ಹೋಯಿತು. ರಸ್ತೆ ಬದಿಯ ಚರಂಡಿಗೆ ಸರಿದು ನಿಂತಾಗ ಹೊಳೆಯಿತು: ನಾನಿಲ್ಲಿ ಬಿದ್ದರೆ ಬೆಳಗಿನವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮಗಳ ಲೊಕೇಶನ್ನು? ಫೋನು ಸಂಜೆಗೇ ಸತ್ತಿತ್ತು.

ಮನೆಗೆ ಬಂದು ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಾಗ ಅವ್ವನನ್ನು ಕೇಳಿದೆ, ನೀವೆಲ್ಲ ಹೇಗೆ ಹೋಗ್ತಿದ್ರಿ ಅಂತ. ಅವಳು ನನ್ನ ತಂಗಿ ಹುಟ್ಟುವ ಮೊದಲು ಊರಿನ ಪರ್ಸೆಯ, ಅಂದರೆ ಯಾತ್ರೆಯ ಗುಂಪಿನ, ಜೊತೆ ನಡೆದು ಹೋಗಿದ್ದವಳು. ಹೇಳಿದ್ದರಲ್ಲಿ ದೂರದ ಲೆಕ್ಕವೇ ಇರಲಿಲ್ಲ. ಹಿಂದೆ ಒಂದು ಗಾಡಿ. ಅದರಲ್ಲಿ ಅಕ್ಕಿ, ರಾಗಿಹಿಟ್ಟು, ಸೌದೆ, ಪಾತ್ರೆ. ಮುಂದೆ ದಾರಿ ಬಲ್ಲ ಒಬ್ಬ ಯಜಮಾನ. ಅವನಿಗೆ ಗೊತ್ತಿದ್ದದ್ದು ಯಾವ ಕಟ್ಟೆಯಲ್ಲಿ ಯಾವ ತಿಂಗಳು ನೀರಿರುತ್ತದೆ, ಯಾವ ಗುಡಿಯ ಜಗಲಿ ದೊಡ್ಡದು, ಯಾವ ಊರಿನಲ್ಲಿ ನೆಂಟರಿದ್ದಾರೆ. ತಂಗುವ ಜಾಗ ಮೊದಲು ಗೊತ್ತು ಮಾಡಿ, ಅದಕ್ಕೆ ತಕ್ಕಂತೆ ನಡೆಯುತ್ತಿದ್ದರು. ಹತ್ತೇ ಮೈಲಿಗೆ ಜಗಲಿ ಸಿಕ್ಕರೆ ಅಂದಿಗೆ ಹತ್ತೇ ಮೈಲಿ.

ಮರುವರ್ಷದ ಶಿವರಾತ್ರಿಗೆ ನಾನು ಹಾಳೆಯ ಮೇಲೆ ಬರೆದುಕೊಂಡದ್ದು ಏಳು ರಾತ್ರಿಗಳನ್ನು.

ಇಲ್ಲೊಂದು ತೊಡಕಿತ್ತು. ಮಾದೇಶ್ವರನ ದಾರಿ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಂಡ್ಯ, ರಾಮನಗರ, ಬೆಂಗಳೂರು, ಮೈಸೂರು ಕಡೆಯಿಂದ ಜನ ಹೊಳೆಯಂತೆ ಹರಿಯುತ್ತಾರೆ. ಹಳ್ಳಿಹಳ್ಳಿಯ ಬಾಯಲ್ಲಿ ಶಾಮಿಯಾನ, ಮಜ್ಜಿಗೆ, ಪಾನಕ, ಅನ್ನ. ಚೀಲವೇ ಬೇಡ. ಆದರೆ ಒಬ್ಬನೇ ನಡೆಯುವ ಮಾತು ಅಲ್ಲಿಗೆ ಮುಗಿಯಿತು. ಮುಂದೊಂದು ಟೆಂಪೋ, ಅದರ ಮೇಲೆ ಸ್ಪೀಕರು. ಉಳಿದ ದಿನಗಳಲ್ಲಿ ಹೊರಟರೆ ಮೌನ ಸಿಗುತ್ತದೆ, ನೀರು ಸಿಗುವುದಿಲ್ಲ. ಅದಕ್ಕಿಂತ ದೊಡ್ಡದು ಕಾಡು. ಮಲೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಜೀವಿಧಾಮ. ಆನೆ, ಚಿರತೆ, ಹುಲಿ ಎಲ್ಲ ಇರುವ ಜಾಗ. ಅಲ್ಲಿ ಒಂಟಿ ನಡಿಗೆಗೆ ಭಕ್ತಿ ಅನ್ನುವುದಿಲ್ಲ.

ಹಾಗಾಗಿ ನಡುವಿನ ಉಪಾಯ ಹುಡುಕಿದೆ. ಪರ್ಸೆಗಳು ಸಾಮಾನ್ಯವಾಗಿ ನಾಲ್ಕೈದು ದಿನದಲ್ಲಿ ಮುಟ್ಟುವಂತೆ ಹೊರಡುತ್ತವೆ. ನಾನು ಅವಕ್ಕಿಂತ ಎರಡು ಮೂರು ದಿನ ಮೊದಲೇ ಹೊರಟು ಮೆಲ್ಲಗೆ ನಡೆದರೆ, ಊರುಗಳಿರುವ ಕಡೆ ಒಬ್ಬನೇ ಇರುತ್ತೇನೆ; ಹನೂರಿನ ಹೊತ್ತಿಗೆ ಅವರೇ ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ. ಈ ಒಂದು ಲೆಕ್ಕ ಸರಿಯಾಗಿ ಕೂತಿತು.

ಹೊರಡುವ ಆರು ವಾರ ಮೊದಲಿಂದ ಹಳೆಯ ಚಪ್ಪಲಿಯಲ್ಲೇ ದಿನಾ ಬೆಳಗ್ಗೆ ವಿ.ಸಿ. ನಾಲೆ ಏರಿಯ ಮೇಲೆ ನಡೆದೆ, ಕೊನೆಯ ಎರಡು ವಾರ ಚೀಲ ಹೊತ್ತು. ಚೀಲ ಈ ಸಲ ನಾಲ್ಕು ಕೆ.ಜಿ. ಉಟ್ಟದ್ದು ಬಿಟ್ಟು ಒಂದು ಜೊತೆ, ತೆಳು ಹೊದಿಕೆ, ಟಾರ್ಚು, ಪವರ್ ಬ್ಯಾಂಕ್, ಹುರಿಗಡಲೆ ಬೆಲ್ಲ, ಓ.ಆರ್.ಎಸ್. ಪುಡಿ, ಕಾಲಿಗೆ ಹಚ್ಚಲು ಹರಳೆಣ್ಣೆ. ಬೆನ್ನಿಗೆ ಹೊಳೆಯುವ ಪಟ್ಟಿಯ ಜಾಕೆಟ್ಟು. ರಸ್ತೆ ಕೆಲಸದವನಂತೆ ಕಾಣುತ್ತೇನೆಂದು ಮಗಳು ನಕ್ಕಳು, ನಗಲಿ. ಅಂಗಿ ಜೇಬಿನಲ್ಲಿ ಹೆಸರು, ಮನೆಯ ನಂಬರು, ರಕ್ತದ ಗುಂಪು, ಮಾತ್ರೆಯ ವಿವರ ಬರೆದ ಚೀಟಿ. ಬೆಳಗ್ಗೆ ಹೊರಟಾಗ ಒಂದು ಫೋನು, ತಂಗಿದಾಗ ಒಂದು. ಸಂಜೆ ಏಳರೊಳಗೆ ಫೋನು ಬರದಿದ್ದರೆ ಹಿಂದಿನ ತಂಗುದಾಣಕ್ಕೆ ಕರೆ ಮಾಡಬೇಕು ಎಂದು ಮನೆಯಲ್ಲಿ ಹೇಳಿದ್ದೆ. ಅವ್ವ ಹಳದಿ ಬಟ್ಟೆಯಲ್ಲಿ ಮುಡುಪು ಕಟ್ಟಿಕೊಟ್ಟಳು. ಅದರ ತೂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮದ್ದೂರಿನವರೆಗೆ ರೈಲು, ನಾಚಿಕೆಯಿಲ್ಲದೆ. ಅಲ್ಲಿಂದ ನಡಿಗೆ. ಮೊದಲ ದಿನ ಕೆ.ಎಂ. ದೊಡ್ಡಿ, ಹದಿಮೂರೋ ಹದಿನಾಲ್ಕೋ ಕಿ.ಮೀ., ಹತ್ತು ಗಂಟೆಗೆಲ್ಲ ಮುಗಿದುಹೋಯಿತು. ಇನ್ನೂ ನಡೆಯಬಲ್ಲೆ ಎಂದು ಕಾಲು ಹೇಳುತ್ತಿತ್ತು. ಮೊದಲ ದಿನದ ಕಾಲಿನ ಮಾತು ಕೇಳಬಾರದು. ಹೋದ ವರ್ಷ ಕೇಳಿ ಅನುಭವಿಸಿದ್ದೆ. ಹತ್ತಿರದ ಆಲೆಮನೆಯಲ್ಲಿ ಕುಳಿತೆ. ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲದ ಪಾಕ ಎಲೆಯ ಮೇಲೆ ಹಾಕಿಕೊಟ್ಟರು. ಮಾದಪ್ಪನ ಬೆಟ್ಟಕ್ಕೆ ಹೊರಟವನ ದುಡ್ಡು ಅವರು ಮುಟ್ಟಲಿಲ್ಲ.

ಎರಡನೇ ರಾತ್ರಿ ಮಳವಳ್ಳಿ. ಮೂರನೇ ದಿನ ಬೆಳಕವಾಡಿ ಕಡೆಯಿಂದ ಶಿವನಸಮುದ್ರ. ಕಾವೇರಿ ಇಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತಾಳೆ; 1902ರಲ್ಲಿ ಇಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ನಡುವಿನ ದ್ವೀಪದಲ್ಲಿ ಮಧ್ಯರಂಗ. ಬಿಸಿಲಿಗೆ ಮೈ ಉರಿಯುತ್ತಿತ್ತು, ನೀರು ನೋಡಿದರೆ ಇಳಿಯಬೇಕೆನಿಸುತ್ತಿತ್ತು. ಮೊಣಕಾಲಿನವರೆಗೆ ಇಳಿದವನನ್ನು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಗದರಿಸಿದಳು: “ಯಣ್ಣೋ, ಜತೇಲಿ ಯಾರವ್ರೆ ನಿಂಗೆ? ಮೇಕ್ ಬಾ!” ಮೇಲೆ ಬಂದೆ. ಅವಳೇ ಒಂದು ಬಿಂದಿಗೆ ನೀರು ತಂದು ಕಾಲಿಗೆ ಹುಯ್ದಳು. ಹೊಳೆಯ ಕಲ್ಲು, ಸುಳಿ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಒಂಟಿಯಾಗಿ ಹೊರಟವನು ನೀರಿಗಿಳಿಯಕೂಡದೆಂಬುದನ್ನು ನನ್ನ ಹಾಳೆಯಲ್ಲಿ ಬರೆದುಕೊಂಡಿರಲೇ ಇಲ್ಲ.

ಕಾವೇರಿ ದಾಟಿದರೆ ಜಿಲ್ಲೆ ಬದಲಾಗುತ್ತದೆ. ಕೊಳ್ಳೇಗಾಲದಿಂದ ಹನೂರಿನವರೆಗಿನ 24–25 ಕಿ.ಮೀ. ಈ ಯಾತ್ರೆಯ ಕಠಿಣ ದಿನ. ಗದ್ದೆಯ ಹಸಿರು ಹಿಂದೆ ಉಳಿಯುತ್ತದೆ, ಮಾಘದ ಕೊನೆಯ ಬಿಸಿಲು ಹನ್ನೊಂದಕ್ಕೇ ಸುಡುತ್ತದೆ. ನಾಲ್ಕಕ್ಕೆ ಎದ್ದು, ಹನ್ನೊಂದರೊಳಗೆ ನಿಲ್ಲಿಸಿ, ಉಳಿದದ್ದನ್ನು ಸಂಜೆ ನಾಲ್ಕರಿಂದ ಆರರವರೆಗೆ ನಡೆದೆ. ಶಿವರಾತ್ರಿಗೆ ಮುಂಚಿನ ವಾರ ಹೊರಡುವವರಿಗೆ ಒಂದು ಲಾಭವಿದೆ, ಪಂಚಾಂಗ ನೋಡಿದಾಗ ಹೊಳೆದಿರಲಿಲ್ಲ: ಕೃಷ್ಣಪಕ್ಷದ ಚಂದ್ರ ಬೆಳಗಿನ ಜಾವ ಆಕಾಶದಲ್ಲಿರುತ್ತಾನೆ. ಮದ್ದೂರು ಬಿಟ್ಟಾಗ ಅರ್ಧ ಇದ್ದವನು ದಿನಕ್ಕೊಂದಿಷ್ಟು ಸವೆಯುತ್ತಾ ನನ್ನ ಜೊತೆ ಬಂದ.

ಹನೂರಿನಲ್ಲಿ, ಅಂದುಕೊಂಡಂತೆಯೇ, ಜನ ಬಂದು ಸೇರಿದರು. ಒಂದು ಶಾಮಿಯಾನದಲ್ಲಿ ಊಟಕ್ಕೆ ಕುಳಿತಾಗ ಪಕ್ಕದವರು ಚನ್ನಪಟ್ಟಣ ಕಡೆಯ ಹದಿನೈದು ಜನ. ಅವರಲ್ಲೊಬ್ಬ ಹಿರಿಯರು ನನ್ನ ಜಾಕೆಟ್ಟು ನೋಡಿ, “ಯಾವೂರು ಬುದ್ದಿ? ಒಬ್ರೇನಾ? ಇಲ್ಲಿಂದ್ ಮುಂದಕ್ ಒಬ್ರೇ ಅನ್ನಂಗಿಲ್ಲ, ನಮ್ ಜತೆ ಬನ್ನಿ” ಅಂದರು. ಅದು ಆಹ್ವಾನವೋ ಆಜ್ಞೆಯೋ ತಿಳಿಯಲಿಲ್ಲ. ಐದು ದಿನ ನಾನು ಕಾಪಾಡಿಕೊಂಡು ಬಂದ ಮೌನ ಅವರ ಸ್ಪೀಕರಿನಲ್ಲಿ ಕರಗಿತು. ಕಂಸಾಳೆಯ ತಾಳಕ್ಕೆ ಕಾಲು ತಾನಾಗಿ ಹೆಜ್ಜೆ ಹಾಕತೊಡಗಿದ್ದನ್ನೂ ಹೇಳಬೇಕು. ದಿನದ ಕೊನೆಯ ಐದು ಕಿ.ಮೀ.ಗೆ ಮೌನ ಏನೂ ಸಹಾಯ ಮಾಡುವುದಿಲ್ಲ.

ಕೌದಳ್ಳಿಯ ಆಚೆ ಫೋನಿನ ಸಿಗ್ನಲ್ ನೆಚ್ಚಿಕೊಳ್ಳುವಂತಿರಲಿಲ್ಲ. ನಾಳೆ ಸಂಜೆಯವರೆಗೆ ಕರೆ ಬರದಿದ್ದರೆ ಗಾಬರಿ ಬೇಡ ಎಂದು ಅಲ್ಲಿಂದಲೇ ಮನೆಗೆ ಹೇಳಿದೆ. ತಾಳಬೆಟ್ಟದಿಂದ ಮೇಲಕ್ಕೆ ಬೆಳಕಿನಲ್ಲೇ, ಗುಂಪಿನ ನಡುವೆ. ಕಾಡಿನೊಳಗೆ ಯಾವ ಹೊತ್ತಿಗೆ ಬಿಡುತ್ತಾರೆ, ಯಾವ ದಾರಿ ಮುಚ್ಚಿದೆ ಎಂಬುದು ಆಯಾ ಸಮಯದ ಆದೇಶದ ಮೇಲೆ ಹೋಗುತ್ತದೆ, ಹೊರಡುವ ಮುನ್ನ ಕೇಳಿಕೊಳ್ಳಬೇಕು. ಆನೆತಲೆದಿಂಬದ ಏರಿನಲ್ಲಿ ನನ್ನ ನಾಲ್ಕು ಕೆ.ಜಿ. ಚೀಲವನ್ನು ಚನ್ನಪಟ್ಟಣದ ಒಬ್ಬ ಹುಡುಗ ಕೇಳದೆಯೇ ಕಸಿದುಕೊಂಡು ಹೆಗಲಿಗೆ ಹಾಕಿಕೊಂಡ. ಮುಡುಪು ಮಾತ್ರ ನನ್ನ ಕೈಯಲ್ಲಿತ್ತು. ಮುಂದೆ ಯಾರೋ “ಉಘೇ” ಅಂದರು, ಹಿಂದಿನಿಂದ ನೂರು ಗಂಟಲು “ಉಘೇ” ಅಂದವು.

ಮುಡುಪು ಒಪ್ಪಿಸಿ, ದಾಸೋಹದಲ್ಲಿ ಉಂಡು, ನೆರಳು ಹುಡುಕಿ ಕುಳಿತು ಮನೆಗೆ ಫೋನು ಮಾಡಿದೆ. ಹೆಂಡತಿ ಮಾತ್ರೆ ಕೇಳಿದಳು, ಮಗಳು ಫೋಟೋ ಕೇಳಿದಳು. ಆಮೇಲೆ ಅವ್ವನಿಗೆ ಕೊಟ್ಟರು. ದರ್ಶನ ಆಯ್ತಾ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ.

“ಎಲ್ಲೆಲ್ ಮಲಗಿದ್ದೆ ಮಗ?”

ದೊಡ್ಡಿಯಲ್ಲಿ ಹಳೆಯ ಸಹೋದ್ಯೋಗಿಯ ಮನೆ, ಮಳವಳ್ಳಿಯಲ್ಲಿ ಛತ್ರ, ಶಿವನಸಮುದ್ರದ ಬಳಿ ಗುಡಿಯ ಜಗಲಿ ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಅವಳು ಒಂದೊಂದಕ್ಕೂ ಹ್ಞೂಂ ಅನ್ನುತ್ತಿದ್ದಳು. ಕೌದಳ್ಳಿ ಅಂದಾಗ ಅವಳೇ ತಡೆದು, “ಅಲ್ಲೊಂದ್ ದೊಡ್ಡ್ ಉಣ್ಸೆ ಮರ ಇತ್ತಲ್ಲ, ಅದ್ರ ಬುಡದಲ್ಲಿ ನಾವು...” ಎಂದು ಶುರು ಮಾಡಿದಳು. ಅಷ್ಟರಲ್ಲಿ ಸಿಗ್ನಲ್ ಹೋಯಿತು.