ಮೂರು ಡ್ರೈವರ್‌ಗಳ ಒಂದು ಮನೆ

ಪಿಸಿಯ ಹಿಂದೆ ಇನ್ನೂ ಪ್ರಿಂಟರ್ ಪೋರ್ಟ್ ಇರುತ್ತಿದ್ದ ಕಾಲ. ಅದಕ್ಕೆ ಸಿಕ್ಕಿಸುವ ಐ2ಸಿ ಅಡಾಪ್ಟರ್‌ಗಳು ನಮ್ಮ ಲ್ಯಾಬಿನಲ್ಲಿ ಮೂರು ಬಗೆಯವಿದ್ದವು, ಎಲ್ಲ ನಾವೇ ಬೆಸುಗೆ ಹಾಕಿದ್ದು. ಬಗೆಗೊಂದು ಡ್ರೈವರ್. ಒಂದರಲ್ಲಿ ತಿದ್ದಿದ ತಪ್ಪು ಉಳಿದೆರಡರಲ್ಲಿ ಆರಾಮಾಗಿ ಬದುಕಿರುತ್ತಿತ್ತು. ಮೂರನ್ನೂ ಸೇರಿಸುವ ಕೆಲಸ ನನ್ನ ತಲೆಗೆ ಬಂತು. ದಾರಿ ತೋರಿಸಿದ್ದು ಲಿನಕ್ಸ್ ಕರ್ನಲ್‌ನ ಐ2ಸಿ-ಪಾರ್‌ಪೋರ್ಟ್: ಫಿಲಿಪ್ಸ್, ಇಎಲ್‌ವಿ, ವೆಲ್ಲೆಮನ್ ಅಡಾಪ್ಟರ್‌ಗಳ ಬಿಡಿ ಡ್ರೈವರ್‌ಗಳ ಜಾಗಕ್ಕೆ ಬಂದ ಒಂದೇ ಮಾಡ್ಯೂಲ್.

1. ಕೋಡ್ ಮುಟ್ಟುವ ಮೊದಲು ವ್ಯತ್ಯಾಸ ಬರೆದಿಡಿ. ಮೂರು ಫೈಲುಗಳನ್ನೂ ಡಿಫ್ ಹಾಕಿ ನೋಡಿದರೆ ನಿಜಕ್ಕೂ ಬೇರೆಯಿದ್ದದ್ದು ಇಷ್ಟೇ: ಐ2ಸಿಯ ಡೇಟಾ ತಂತಿ ಎಸ್‌ಡಿಎ, ಕ್ಲಾಕ್ ತಂತಿ ಎಸ್‌ಸಿಎಲ್ ಯಾವ ಪಿನ್ನಿಗೆ ಹೋಗುತ್ತವೆ, ನಡುವೆ ಇನ್ವರ್ಟರ್ ಇದೆಯೋ ಇಲ್ಲವೋ. ಐ2ಸಿ-ಪಾರ್‌ಪೋರ್ಟ್ ಇದನ್ನೇ ಪುಟ್ಟ ಕೋಷ್ಟಕದಲ್ಲಿ ಇಟ್ಟಿದೆ. ತಂತಿಗೊಂದು ಬಿಟ್, ಡೇಟಾ–ಸ್ಟೇಟಸ್–ಕಂಟ್ರೋಲ್ ಪೈಕಿ ಒಂದು ರಿಜಿಸ್ಟರ್, ತಲೆಕೆಳಗೋ ಅಲ್ಲವೋ. ತಂತಿಗಳನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದೆಲ್ಲ ಕರ್ನಲ್‌ನ ಇನ್ನೊಂದು ಮಾಡ್ಯೂಲ್ ಐ2ಸಿ-ಆಲ್ಗೋ-ಬಿಟ್‌ನ ತಲೆನೋವು.

2. ಕೋಷ್ಟಕದ ಖಾಲಿ ಮನೆಯನ್ನು ತುಂಬಬೇಡಿ. ಐ2ಸಿ-ಪಾರ್‌ಪೋರ್ಟ್ ಬೆಂಬಲಿಸುವ ಎಡಿಎಂ1032 ಬೋರ್ಡಿನಲ್ಲಿ ಎಸ್‌ಸಿಎಲ್ ಓದುವ ತಂತಿಯೇ ಇಲ್ಲ, ನಮ್ಮ ಅಡಾಪ್ಟರ್‌ಗಳ ಪೈಕಿ ಒಂದೂ ಹಾಗೇ ಇತ್ತು. 'ಸದಾ ಮೇಲಿದೆ' ಎಂದು ಸುಳ್ಳು ಹೇಳುವ ಫಂಕ್ಷನ್ ಬರೆದು ಪಾರಾದೆ. ಸೆನ್ಸರೊಂದು 'ಸ್ವಲ್ಪ ತಡಿ' ಎಂದು ಎಸ್‌ಸಿಎಲ್ ಹಿಡಿದುಕೊಂಡಾಗ ಡ್ರೈವರ್ ಕಾಯದೆ ಓಡಿತು, ಓದಿದ್ದೆಲ್ಲ ಕಸ. ಎರಡು ದಿನ ಹೋಯಿತು. ಕರ್ನಲ್ ಆ ಮನೆಯನ್ನು ಖಾಲಿಯೇ ಬಿಡುತ್ತದೆ; ಆಗ ಆಲ್ಗೋ-ಬಿಟ್ ಎಸ್‌ಸಿಎಲ್ ಓದಲಾಗದು, ಈ ಬಸ್ಸನ್ನು ನೆಚ್ಚಬೇಡಿ ಎಂದು ಲಾಗಿನಲ್ಲಿ ಹೇಳಿಬಿಡುತ್ತದೆ. ನನ್ನ ಜಾಣತನ ಆ ಬಾಯಿಯನ್ನು ಮುಚ್ಚಿಸಿತ್ತು.

3. ಊಹಿಸುವ ಬದಲು ಕೇಳಿ. ಯುಎಸ್‌ಬಿ ಸಾಧನಗಳು ತಮ್ಮ ಗುರುತು ತಾವೇ ಹೇಳುತ್ತವೆ, ಈ ಅಡಾಪ್ಟರ್‌ಗಳು ಹೇಳುವುದಿಲ್ಲ. ಹಾಗಾಗಿ 'ಟೈಪ್' ಕೊಡದೆ ಐ2ಸಿ-ಪಾರ್‌ಪೋರ್ಟ್ ಲೋಡ್ ಆಗುವುದಿಲ್ಲ: 0 ಫಿಲಿಪ್ಸ್, 2 ವೆಲ್ಲೆಮನ್, 3 ಇಎಲ್‌ವಿ. ನಮ್ಮ ಡ್ರೈವರ್‌ಗೂ ಅದೇ ನಿಯಮ ಇಟ್ಟೆ. "ಒಂದು ಡಿಫಾಲ್ಟ್ ಇಟ್ಬಿಡಿ ಸಾರ್" ಎಂದು ಲ್ಯಾಬಿನ ಹುಡುಗರು ಗೊಣಗಿದರು. ಇಡಲಿಲ್ಲ.

4. ಹಂಚಿದ ಟೈಪ್ ಸಂಖ್ಯೆಯನ್ನು ಮತ್ತೆ ಬದಲಿಸಬೇಡಿ.

5. ಎಲ್ಲರೂ ಕೂಡಿ ಬಾಳಲೇಬೇಕೆಂದಿಲ್ಲ. ಇಂಟೆಲ್‌ನ ಇ1000 ನೆಟ್‌ವರ್ಕ್ ಡ್ರೈವರ್‌ನಿಂದ ಪಿಸಿಐ ಎಕ್ಸ್‌ಪ್ರೆಸ್ ಚಿಪ್‌ಗಳು ಪಾಲು ತೆಗೆದುಕೊಂಡು ಇ1000ಇ ಆದವು.

6. ದಾಖಲೆಯನ್ನು ಬೆಸುಗೆ ಹಾಕುವವನಿಗೆ ಬರೆಯಿರಿ. ಐ2ಸಿ-ಪಾರ್‌ಪೋರ್ಟ್ ದಾಖಲೆಯಲ್ಲಿ ಕೀಲಿಮಣೆಯ ಗೆರೆ–ಚುಕ್ಕಿಗಳಲ್ಲೇ ಬಿಡಿಸಿದ ಸರ್ಕ್ಯೂಟ್ ಇದೆ. ಇನ್ವರ್ಟರ್ 74ಎಚ್‌ಸಿ05, ಓಪನ್ ಕಲೆಕ್ಟರ್ ಆಗಿರಲೇಬೇಕು ಎಂಬ ಮಾತೂ ಇದೆ. ನನ್ನ ದಾಖಲೆಯಲ್ಲಿ ಬರೀ 'ಇನ್ವರ್ಟರ್' ಎಂದಿತ್ತು. ಚಿಪ್ ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ ಹುಡುಗನಿಗೆ ಅಂಗಡಿಯವರು "05 ಸ್ಟಾಕ್ ಇಲ್ಲ, 04 ತಗೊಳ್ಳಿ, ಅದೂ ಇನ್ವರ್ಟರೇ" ಎಂದರಂತೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ 04 ತಂತಿಯನ್ನು ಕೆಳಗೆಳೆಯುವುದಷ್ಟೇ ಅಲ್ಲ, ಮೇಲಕ್ಕೂ ತಳ್ಳುತ್ತದೆ. ಸೆನ್ಸರ್ ಎಸ್‌ಡಿಎ ಎಳೆಯುವುದು, ಚಿಪ್ ತಳ್ಳುವುದು. ಸಂಜೆವರೆಗೆ ಸೆನ್ಸರ್‌ನಿಂದ 'ಸಿಕ್ಕಿತು' ಎನ್ನುವ ಒಂದು ಎಸಿಕೆಯೂ ಬರಲಿಲ್ಲ. ಡ್ರೈವರ್‌ನಲ್ಲೇ ತಪ್ಪಿದೆಯೆಂದು ನಾನು ಕೋಡ್ ಸಾಲು ಸಾಲಾಗಿ ಓದುತ್ತಿದ್ದೆ. ಹುಡುಗ ಚಿಪ್ಪಿನ ಮೇಲಿನ ಅಕ್ಷರಗಳಿಗೆ ಟಾರ್ಚ್ ಹಿಡಿದ.