ಡೇಟಾಬೇಸಿಗೆ ಪೈಥಾನ್ ಬರುತ್ತದೆಯೇ?

ತರಗತಿ: ದ್ವಿತೀಯ ಪಿಯುಸಿ. ವಿಷಯ: ಗಣಕ ವಿಜ್ಞಾನ. ಪೂರ್ವಜ್ಞಾನ: ಕೋಷ್ಟಕ, ಪ್ರಾಥಮಿಕ ಕೀಲಿ, ಸೆಲೆಕ್ಟ್ ಆದೇಶ.

ಪೈಥಾನ್‌ನಲ್ಲಿ ಬರೆದ ಫಂಕ್ಷನ್ನನ್ನು ಡೇಟಾಬೇಸಿನೊಳಗೇ ಇಡಬಹುದು ಎಂದೊಡನೆ ಮಕ್ಕಳು ಕೇಳುವುದು ಶೀರ್ಷಿಕೆಯಲ್ಲಿರುವ ಪ್ರಶ್ನೆಯನ್ನೇ. ಬರುವುದಿಲ್ಲ. ಅದು ಯಾರಿಗೆ ಬರುತ್ತದೆ ಎಂಬುದನ್ನಷ್ಟೇ ಡೇಟಾಬೇಸ್ ಬರೆದಿಟ್ಟುಕೊಳ್ಳುತ್ತದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಈ ದಾಖಲೆ ಇರುವುದು ‘ಪಿಜಿ_ಲ್ಯಾಂಗ್ವೇಜ್’ ಎಂಬ ಕೋಷ್ಟಕದಲ್ಲಿ. ಮಕ್ಕಳಿಗೆ ಗೊತ್ತಿರುವ ಸೆಲೆಕ್ಟ್ ಆದೇಶದಿಂದಲೇ ಅದನ್ನು ತೆರೆಯಬಹುದು. ಪಾಠವನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. 2010ರ 9.0 ಆವೃತ್ತಿಯಿಂದೀಚೆಗೆ ಹೊಸ ಡೇಟಾಬೇಸಿನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲುಗಳಿರುತ್ತವೆ: ಇಂಟರ್ನಲ್, ಸಿ, ಎಸ್‌ಕ್ಯೂಎಲ್, ಪಿಎಲ್‌ಪಿಜಿಎಸ್‌ಕ್ಯೂಎಲ್. ಮೊದಲ ಮೂರನ್ನು ಸರ್ವರ್ ತಾನೇ ನಿಭಾಯಿಸುವುದರಿಂದ ಅವುಗಳ ಹ್ಯಾಂಡ್ಲರ್ ಅಂಕಣದಲ್ಲಿ 0 ಇರುತ್ತದೆ. ನಾಲ್ಕನೆಯದರ ಎದುರು ಒಂದು ಫಂಕ್ಷನ್‌ನ ಸಂಖ್ಯೆ ಇರುತ್ತದೆ.

ರಾಜಾಜಿನಗರದ ತರಗತಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಹೋಲಿಕೆಗೆ ದೂರ ಹೋಗಬೇಕಿಲ್ಲ. ಉರ್ದು ಉತ್ತರಪತ್ರಿಕೆ ಬಂದರೆ ಪ್ರಾಂಶುಪಾಲರು ಅದನ್ನು ಓದಬೇಕಿಲ್ಲ, ಯಾವ ಉಪನ್ಯಾಸಕರಿಗೆ ಕೊಡಬೇಕೆಂದು ತಿಳಿದಿದ್ದರೆ ಸಾಕು. ಆ ಉಪನ್ಯಾಸಕರೇ ಹ್ಯಾಂಡ್ಲರ್. ಫಂಕ್ಷನ್‌ಗಳ ಪಟ್ಟಿಯಾದ ‘ಪಿಜಿ_ಪ್ರಾಕ್’ನಲ್ಲಿಯೂ ಭಾಷೆಯ ಹೆಸರಿರುವುದಿಲ್ಲ, ಪಿಜಿ_ಲ್ಯಾಂಗ್ವೇಜ್‌ನ ಸಾಲನ್ನು ತೋರಿಸುವ ಸಂಖ್ಯೆ ಮಾತ್ರ. ಎರಡನ್ನೂ ಜಾಯಿನ್ ಮಾಡಿಸಿದರೆ ಪರಕೀಯ ಕೀಲಿಯ ಪುನರಾವರ್ತನೆ ತಾನಾಗಿ ಆಗುತ್ತದೆ.

ಪ್ರಯೋಗಾಲಯದಲ್ಲಿ ಒಂದು ಎಚ್ಚರ. ಈ ಕೋಷ್ಟಕ ಪ್ರತಿ ಡೇಟಾಬೇಸಿಗೂ ಬೇರೆ ಬೇರೆ. ಒಂದರಲ್ಲಿ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಕೊಟ್ಟು ಪರ್ಲ್ ಸೇರಿಸಿದರೆ ಪಕ್ಕದ ಡೇಟಾಬೇಸಿನಲ್ಲಿ ಆ ಭಾಷೆ ಇಲ್ಲವೆಂಬ ದೋಷಸಂದೇಶವೇ ಬರುತ್ತದೆ, ಸರ್ವರ್ ಒಂದೇ ಆಗಿದ್ದರೂ.

ಹೆಚ್ಚು ಸಮಯ ಕೊಡಬೇಕಾದದ್ದು ‘ಟ್ರಸ್ಟೆಡ್’ ಅಂಕಣಕ್ಕೆ. ಇಲ್ಲಿ ನಂಬಿಕೆ ಎಂದರೆ ಬರೆಯುವವರ ಮೇಲಿನ ನಂಬಿಕೆಯಲ್ಲ. ಆ ಭಾಷೆ ಡೇಟಾಬೇಸಿನ ಹೊರಗೆ ಕೈಚಾಚಲು ಬಿಡುವುದಿಲ್ಲ ಎಂಬ ಖಾತರಿ. ಪರ್ಲ್‌ಗೆ ಎರಡು ರೂಪಗಳಿವೆ. ಪೈಥಾನ್‌ಗೆ ಇರುವುದು ನಂಬಿಕೆಯಿಲ್ಲದ ರೂಪ ಮಾತ್ರ. ಪಿಎಲ್‌ಪೈಥಾನ್3ಯು ಎಂಬ ಹೆಸರಿನ ಕೊನೆಯ ‘ಯು’ ಅದನ್ನೇ ಹೇಳುತ್ತದೆ. ಅದರಲ್ಲಿ ಬರೆದ ಫಂಕ್ಷನ್ ಸರ್ವರ್ ಯಂತ್ರದ ಕಡತಗಳನ್ನೂ ತೆರೆಯಬಲ್ಲದು. ಆದ್ದರಿಂದ ಸೂಪರ್‌ಯೂಸರ್ ಮಾತ್ರ ಅದನ್ನು ರಚಿಸಬಹುದು. ರಚಿಸಿದ್ದನ್ನು ಕರೆಯಲು ಮಾತ್ರ ಈ ತಡೆ ಇಲ್ಲ. ಅಂಕಪಟ್ಟಿಯ ಡೇಟಾಬೇಸನ್ನು ಉದಾಹರಣೆಯಾಗಿ ಕೊಟ್ಟು, ಅಪಾಯ ಎಲ್ಲಿದೆ ಎಂದು ಮಕ್ಕಳಿಂದಲೇ ಹೇಳಿಸಬೇಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ಪರ್ಲ್‌ನಲ್ಲಿ ಬರೆದ ಫಂಕ್ಷನ್ ಇರುವಾಗಲೇ ಆ ಎಕ್ಸ್‌ಟೆನ್ಷನ್ ತೆಗೆಯಹೊರಟರೆ ಏನಾಗುತ್ತದೆ? ಮೊದಲು ಊಹೆ ಬರೆಸಿ, ಆಮೇಲೆ ಆದೇಶ ಕೊಡಿಸಬೇಕು. ಡೇಟಾಬೇಸ್ ನಿರಾಕರಿಸುತ್ತದೆ, ‘ಕ್ಯಾಸ್ಕೇಡ್’ ಸೇರಿಸಿದರೆ ಫಂಕ್ಷನ್ ಕೂಡ ಅಳಿದುಹೋಗುತ್ತದೆ.