ವಿದ್ಯುತ್ ಸೈಕಲು: ಆಯ್ಕೆ ಮತ್ತು ಸವಾರಿ

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಸುಮಾರು 30ರಿಂದ 40 ಕಿಲೋಮೀಟರು ದೂರದಲ್ಲಿವೆ. ಈ ಊರುಗಳ ನಡುವೆ ನಿತ್ಯ ಓಡಾಡುವ ಉಪಾಧ್ಯಾಯರಿಗೆ ವಿದ್ಯುತ್ ಸೈಕಲು ತಕ್ಕ ವಾಹನವಲ್ಲ. ಅವರಿಗೆ ಬಸ್ಸೇ ಲೇಸು. ಆದರೆ ಐದಾರು ಕಿಲೋಮೀಟರು ದೂರದ ಹಳ್ಳಿಯಿಂದ, ಬಸ್ಸಿಗೆ ಕಾಯದೆ, ಬೆವರದೆ, ಪ್ರಾರ್ಥನೆಯ ಗಂಟೆಗೆ ಶಾಲೆ ಮುಟ್ಟಬೇಕೆನ್ನುವವರಿಗೆ ಇದು ಬಹು ಉಪಯುಕ್ತವಾದುದು.

ಕೊಳ್ಳುವಾಗ ಬಣ್ಣ ಬೆಡಗುಗಳಿಗಿಂತ ಮೊದಲು ಬ್ಯಾಟರಿಯನ್ನು ಪರಿಶೀಲಿಸತಕ್ಕದ್ದು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದರಲ್ಲಿ ಅಡಗಿರುವ ಶಕ್ತಿ ವ್ಯಾಟ್-ಗಂಟೆಗಳಲ್ಲಿ ದೊರೆಯುತ್ತದೆ. ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು. 36 ವೋಲ್ಟು, 10 ಆಂಪಿಯರ್-ಗಂಟೆಯಾದರೆ 360 ವ್ಯಾಟ್-ಗಂಟೆ. ಕಿಲೋಮೀಟರಿಗೆ 12 ವ್ಯಯವಾದರೆ 30 ಕಿಲೋಮೀಟರು ಓಟ. ಚಾರ್ಜಿಗೆ ತಗಲುವ ವಿದ್ಯುತ್ತು ಅರ್ಧ ಯೂನಿಟ್ಟಿನೊಳಗೆ. ಮಾರುವವರು ಹೇಳುವ ದೂರವಾದರೋ ಸಮತಟ್ಟು ರಸ್ತೆಯದು; ಏರು, ಎದುರುಗಾಳಿ, ಹಿಂದಿನ ಮೂಟೆ ಅದರಲ್ಲಿ ಸೇರಿರುವುದಿಲ್ಲ. ಬ್ಯಾಟರಿ ಹಳತಾದಂತೆ ಓಟವೂ ಕುಗ್ಗುವುದರಿಂದ, ನಿತ್ಯದ ಹೋಗಿಬರುವ ದೂರಕ್ಕೆ ಇಮ್ಮಡಿ ಸಾಮರ್ಥ್ಯವಿರುವುದು ಒಳಿತು.

ಮೋಟಾರು 250 ವ್ಯಾಟ್ ಮೀರದೆ, ಗಂಟೆಗೆ 25 ಕಿಲೋಮೀಟರಿನ ವೇಗಮಿತಿಗೆ ಒಳಪಟ್ಟ ಅನುಮೋದಿತ ಸೈಕಲಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಡ. ಶಿರಸ್ತ್ರಾಣವನ್ನು ಮಾತ್ರ ಬಿಡಲಾಗದು.

ರಜಾದಿನ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗಿಬರುವ ದಾರಿ ಸುಮಾರು 25 ಕಿಲೋಮೀಟರು. ಮೇಲಿನ ಲೆಕ್ಕದ ಬ್ಯಾಟರಿಗೆ ಇದು ಎಟುಕುವಂಥದಾದರೂ ಅಂಚಿನಲ್ಲಿದೆ. ಸಪಾಟಾದೆಡೆ ಪೆಡಲು ತುಳಿದು, ಶಕ್ತಿಯನ್ನು ಮರುದಾರಿಗೆ ಉಳಿಸಿಕೊಳ್ಳಬೇಕು. ಬ್ಯಾಟರಿ ಬರಿದಾದ ಸೈಕಲಿನ ಭಾರ ಏರಿನಲ್ಲಿ ತಿಳಿಯುತ್ತದೆ. ಮಳೆಯಲ್ಲಿ ನೆನೆದು ಬಂದಾಗ ಒರೆಸಿ, ಸಂಪೂರ್ಣ ಒಣಗಿದ ಮೇಲೆಯೇ ಚಾರ್ಜಿಗೆ ಹಾಕತಕ್ಕದ್ದು.